ಪೊಟ್ಟಣದೊಳಗಿನ ಬಿಸಿಲು

ಬಿಸಿಲನ್ನು ಹಣ ಕೊಟ್ಟು ಕೊಳ್ಳುವ ಕಾಲವೊಂದು ಬಂದೀತೆಂದು ನನ್ನ ಅಜ್ಜನು ಕನಸಿನಲ್ಲಿಯೂ ಎಣಿಸಿರಲಿಕ್ಕಿಲ್ಲ. ಧಾರವಾಡದ ಕಡೆಯ ಒಕ್ಕಲುತನದ ಮನೆಗಳಲ್ಲಿ ಬಿಸಿಲೆಂದರೆ ಕರೆಯದೆ ಬರುವ, ಹೋಗೆಂದರೂ ಹೋಗದ ನೆಂಟ. ಆದರೆ ಪುಣೆಯ ನನ್ನ ಮನೆಯಲ್ಲಿ, ಮೇಜಿನ ಖಾನೆಯೊಳಗೆ, ಇಂದಿಗೂ ಮೂರು ಪೊಟ್ಟಣ ಬಿಸಿಲು ಇದೆ. ಒಂದೊಂದರ ತೂಕ ಒಂದು ಗ್ರಾಂ. ಒಳಗೆ ಸಕ್ಕರೆಯಂತಹ ಬಿಳಿಯ ಪುಡಿ. ಹೊರಗೆ ೬೦,೦೦೦ ಎಂಬ ದೊಡ್ಡ ಅಂಕೆ. 'ವಿಟಮಿನ್ ಡಿ' ಎಂದು ಔಷಧದಂಗಡಿಯವರು ಮಾರುವ, ಪಠ್ಯಪುಸ್ತಕದಲ್ಲಿ ನೀವು 'ಡಿ ಜೀವಸತ್ವ'ವೆಂದು ಓದುವ ವಸ್ತು ಇದೇ. "ಇನ್ನಾದರೂ ಅವನ್ನು ಎಸೆಯಬಾರದೇ?" ಎಂದು ನನ್ನ ಮನೆಯಾಕೆ ಎಷ್ಟೋ ಸಲ ಕೇಳಿದ್ದಾಳೆ. ನಾನು ಎಸೆದಿಲ್ಲ. ಏಕೆಂಬುದನ್ನು ತಿಳಿಸಬೇಕಾದರೆ ನನ್ನ ಎರಡು ದಡ್ಡತನಗಳನ್ನು ವಿದ್ಯಾರ್ಥಿಗಳೆದುರಿಗೆ ಒಪ್ಪಿಕೊಳ್ಳಬೇಕಾಗುತ್ತದೆ. ಅಧ್ಯಾಪಕನಾದವನಿಗೆ ಇದು ಸುಖದ ಕೆಲಸವಲ್ಲ.

ನನ್ನ ಅವ್ವನಿಗೆ ಈಗ ಎಪ್ಪತ್ತೊಂಬತ್ತು ವರ್ಷ. ಹತ್ತು ವರ್ಷಗಳ ಕೆಳಗೆ ಅಪ್ಪ ತೀರಿಕೊಂಡ ಬಳಿಕ ಅವಳನ್ನು ನಾನು ಪುಣೆಗೆ ಕರೆತಂದೆ. ಊರಿನಲ್ಲಿದ್ದಾಗ ಅವಳ ಬೇಸಿಗೆಯೆಲ್ಲ ಮಾಳಿಗೆಯ ಮೇಲೆಯೇ ಕಳೆಯುತ್ತಿತ್ತು. ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ, ಹುಣಸೆಹಣ್ಣು ಹೀಗೆ ಒಂದಾದ ಮೇಲೊಂದು ಒಣಗುತ್ತಿದ್ದವು. ಕೈಯಲ್ಲೊಂದು ಕೋಲು ಹಿಡಿದು ಕಾಗೆಗಳನ್ನು ಅಟ್ಟುತ್ತ ಅವಳೂ ಅವುಗಳ ಜೊತೆಗೆ ಒಣಗುತ್ತಿದ್ದಳು. ಪುಣೆಯಲ್ಲಿ ನಮ್ಮದು ಮೂರನೆಯ ಅಂತಸ್ತಿನ ಮನೆ. ಇದ್ದ ಒಂದು ಗ್ಯಾಲರಿಗೂ, ಬೀದಿಯ ಧೂಳು ಒಳಗೆ ಬರುತ್ತದೆಂದು, ಗಾಜು ಹಾಕಿಸಿದ್ದೆವು. ಆ ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು "ನಾ ಬಿಸಲಾಗ ಕುಂತೇನಿ" ಎಂದು ಅವ್ವ ಸಮಾಧಾನಪಡುತ್ತಿದ್ದಳು. ಗಾಜಿನೊಳಗಿಂದ ಬಿಸಿಲಿನ ಬೆಳಕು ಬರುತ್ತದೆ, ಕಾವೂ ಬರುತ್ತದೆ. ಎಲುಬಿಗೆ ಬೇಕಾದ ಕಿರಣ ಮಾತ್ರ ಹೊರಗೇ ನಿಂತುಬಿಡುತ್ತದೆ. ಈ ಸಂಗತಿ ಆಗ ನನಗೆ ಗೊತ್ತಿರಲಿಲ್ಲ.

ವರ್ಷಗಳು ಕಳೆದಂತೆ ಅವ್ವನಿಗೆ ಸೊಂಟನೋವು ಶುರುವಾಯಿತು. ಕುಳಿತಲ್ಲಿಂದ ಏಳುವಾಗ ಗೋಡೆ ಹಿಡಿಯುವಳು. ಮೆಟ್ಟಿಲು ಹತ್ತುವುದಂತೂ ದೂರವೇ ಉಳಿಯಿತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಕನಿಷ್ಠ ಇಪ್ಪತ್ತಾದರೂ ಇರಬೇಕಾದ ಅಂಕೆ ಒಂಬತ್ತಿಗೆ ಇಳಿದಿತ್ತು. "ಇದೊಂದು ಪುಡಿ. ವಾರಕ್ಕೊಮ್ಮೆ ಹಾಲಿನಲ್ಲಿ ಬೆರಸಿ ಕೊಡಿರಿ. ಎಂಟು ವಾರ ಸಾಕು" ಎಂದು ಹೇಳಿ ಚೀಟಿ ಬರೆದುಕೊಟ್ಟರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಬರೆದದ್ದರಲ್ಲಿಯೂ ಇರಲಿಲ್ಲ. ತಪ್ಪು ಹುಟ್ಟಿದ್ದು ನನ್ನ ಬಾಯಿಯಲ್ಲಿ.

ಮರುದಿನವೇ ನಾನು ಊರಿಗೆ ಹೊರಡಬೇಕಾಗಿತ್ತು. ಬೇಸಿಗೆಯ ರಜೆಯಲ್ಲಿ ಹಳೆಯ ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಸುವ ಕೆಲಸವಿತ್ತು. ಮನೆಯಾಕೆ ಬೆಳಗಾದರೆ ಕಚೇರಿಗೆ ಹೋಗುವವಳು. ಹಗಲಲ್ಲಿ ಅವ್ವನನ್ನು ನೋಡಿಕೊಳ್ಳಲು ಒಬ್ಬ ಮರಾಠಿ ಹೆಣ್ಣುಮಗಳು ಬರುತ್ತಿದ್ದಳು. ನಾವೆಲ್ಲರೂ ಅವಳನ್ನು 'ಮಾವಶಿ' ಎಂದೇ ಕರೆಯುತ್ತೇವೆ. ಅವಳ ಕೈಗೆ ಪೊಟ್ಟಣಗಳನ್ನೂ ಹಣವನ್ನೂ ಕೊಟ್ಟು, ಚೀಲ ಹೆಗಲಿಗೇರಿಸಿಕೊಳ್ಳುತ್ತ, ನನ್ನ ಮರಾಠಿಯಲ್ಲಿ "ವಾರಾಲಾ ಏಕ್" ಎಂದು ಹೇಳಿ ಹೊರಟುಬಿಟ್ಟೆ.

ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ನನ್ನ ಮರಾಠಿ ಕನ್ನಡದ ರುಮಾಲು ಸುತ್ತಿಕೊಂಡೇ ಹೊರಗೆ ಬರುತ್ತದೆ. ವಾರವೆಂದರೆ ನಮಗೆ ಏಳು ದಿನ. ಮರಾಠಿಯಲ್ಲಿ ಏಳು ದಿನಕ್ಕೆ 'ಆಠವಡಾ' ಎನ್ನುತ್ತಾರೆ. 'ವಾರ' ಎಂದರೆ ಅವರಿಗೆ ಸೋಮವಾರ, ಮಂಗಳವಾರ, ಬುಧವಾರ. ಓದುಗರಲ್ಲಿ ಎರಡೂ ಭಾಷೆಗಳಲ್ಲಿ ಆಡಿ ಬೆಳೆದವರು ಈಗಾಗಲೇ ನಡೆದದ್ದನ್ನು ಊಹಿಸಿರಬಹುದು. ಮಾವಶಿ ಸೋಮವಾರ ಒಂದು ಕೊಟ್ಟಳು. ಮಂಗಳವಾರ ಒಂದು ಕೊಟ್ಟಳು. ಎಂಟು ದಿನಗಳಲ್ಲಿ ಎಂಟೂ ತೀರಿದವು. ಅವಳು ನಿಷ್ಠೆಯುಳ್ಳ ಹೆಂಗಸು. ಅದೇ ಚೀಟಿ ತೋರಿಸಿ ಮತ್ತೆ ತಂದಳು. ಅಂಗಡಿಯವನು ಇಷ್ಟು ಬೇಗ ಏಕೆಂದು ಕೇಳಲಿಲ್ಲ. ಚೀಟಿಯಲ್ಲಿದ್ದ ಇಂಗ್ಲಿಷ್ ಅವಳಿಗೂ ಅವ್ವನಿಗೂ ಸಮಾನವಾಗಿ ಅಪರಿಚಿತ.

ಆರು ವಾರಗಳ ನಂತರ ನಾನು ಹಿಂದಿರುಗಿದಾಗ ಬಾಗಿಲು ತೆರೆದ ಅವ್ವ ನನ್ನನ್ನು ನೋಡಿ ನನ್ನ ಸೋದರಮಾವನ ಹೆಸರು ಹಿಡಿದು ಕರೆದಳು. ಹಿಂದಿನ ಹತ್ತು ದಿನಗಳಿಂದ ಊಟ ಸೇರುತ್ತಿರಲಿಲ್ಲವಂತೆ. ವಾಂತಿ, ಮಲಬದ್ಧತೆ, ಮೇಲಿಂದ ಮೇಲೆ ಬಾಯಾರಿಕೆ. ಬೇಸಿಗೆಯ ಉಷ್ಣವೆಂದು ಬಗೆದು ಮನೆಯಾಕೆ ಮಜ್ಜಿಗೆ ಕೊಟ್ಟಿದ್ದಳು. ಅಂದೇ ರಾತ್ರಿ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಹತ್ತೂವರೆಯನ್ನು ಮೀರಬಾರದು. ಅವ್ವನಿಗೆ ಹದಿಮೂರೂವರೆಯನ್ನೂ ದಾಟಿತ್ತು. ಏನೇನು ಔಷಧ ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂದು ಅಲ್ಲಿಯ ವೈದ್ಯರು ಕೇಳುತ್ತಿರುವಾಗ ಮಾವಶಿ ತನ್ನ ಕೈಚೀಲದಿಂದ ಒಂದು ಗಂಟು ತೆಗೆದಳು. ಹಣದ ಲೆಕ್ಕ ಒಪ್ಪಿಸಬೇಕೆಂದು ಅವಳು ಬರಿಯ ಪೊಟ್ಟಣಗಳನ್ನೆಲ್ಲ ಜೋಪಾನವಾಗಿ ಕೂಡಿಸಿಟ್ಟಿದ್ದಳು. ಹಾಸಿಗೆಯ ತುದಿಯಲ್ಲಿ ಅವನ್ನು ಎಣಿಸಿದೆವು. ನಲವತ್ತು.

"ನೀವೇ ಹೇಳಿದಿರಲ್ಲ, ವಾರಕ್ಕೆ ಒಂದೆಂದು" ಎಂದು ಅವಳು ಅತ್ತಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ವೈದ್ಯರು ಅದೇ ಲೆಕ್ಕವನ್ನು ಇನ್ನೊಂದು ಬಗೆಯಿಂದ ಮಾಡಿ ತೋರಿಸಿದರು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೊಡಗೂಡಿ, ೨೦೨೦ರಲ್ಲಿ ನಿಗದಿಪಡಿಸಿದಂತೆ ಮನುಷ್ಯನಿಗೆ ದಿನಕ್ಕೆ ೬೦೦ ಯೂನಿಟ್ ಡಿ ಜೀವಸತ್ವ ಸಾಕು. ೬೦,೦೦೦ ಯೂನಿಟ್ಟಿನ ಒಂದು ಪೊಟ್ಟಣವೆಂದರೆ ನೂರು ದಿನದ ಪಾಲು. ನಲವತ್ತು ಪೊಟ್ಟಣವೆಂದರೆ ನಾಲ್ಕು ಸಾವಿರ ದಿನ. ಹನ್ನೊಂದು ವರ್ಷಕ್ಕೆ ಸ್ವಲ್ಪ ಕಡಿಮೆ. ಅಷ್ಟು ಕಾಲದ ಬಿಸಿಲನ್ನು ಅವ್ವ ಆರು ವಾರಗಳಲ್ಲಿ ಹಾಲಿನೊಂದಿಗೆ ಕುಡಿದಿದ್ದಳು. ಇದರ ತೂಕವೆಷ್ಟೆಂದು ಕೇಳಿದರೆ ನೀವು ನಂಬಲಾರಿರಿ. ನಲವತ್ತು ಯೂನಿಟ್ ಕೂಡಿದರೆ ಒಂದು ಮೈಕ್ರೋಗ್ರಾಂ. ಆದುದರಿಂದ ಪೊಟ್ಟಣವೊಂದರಲ್ಲಿರುವ ನಿಜವಾದ ಜೀವಸತ್ವ ಒಂದೂವರೆ ಮಿಲಿಗ್ರಾಂ ಮಾತ್ರ. ಉಳಿದುದು ಹೊಟ್ಟೆ ತುಂಬಿಸಲು ಹಾಕಿದ ಪುಡಿ. ನಲವತ್ತೂ ಸೇರಿ ಅರವತ್ತು ಮಿಲಿಗ್ರಾಂ; ಒಂದು ಚಿಟಿಕೆಯೂ ಆಗದು. ಅಷ್ಟರಿಂದ ಮನುಷ್ಯಳೊಬ್ಬಳು ಮಗನ ಗುರುತು ಮರೆತಿದ್ದಳು.

ಹನ್ನೆರಡು ದಿನ ಆಸ್ಪತ್ರೆಯಲ್ಲಿ ಸಲಾಯಿನ್ ಕೊಟ್ಟರು, ಔಷಧ ಕೊಟ್ಟರು. ಅವ್ವ ಬದುಕಿದಳು, ಮೂತ್ರಪಿಂಡಗಳೂ ಉಳಿದವು. ಆದರೂ ಈ ಜೀವಸತ್ವ ಮೈಯ ಕೊಬ್ಬಿನಲ್ಲಿ ಕೂಡಿಕೊಂಡು ಕುಳಿತುಕೊಳ್ಳುವುದರಿಂದ ರಕ್ತದ ಅಂಕೆ ಸರಿಯಾಗಲು ದೀಪಾವಳಿಯವರೆಗೆ ಕಾಯಬೇಕಾಯಿತು. "ಅಡ್ಡಿ ಇಲ್ಲ ಬಿಡೋ, ಮುಂದಿನ ಹತ್ತು ವರ್ಷದ ಬಿಸಲಾ ಒಮ್ಮೆ ಕುಡದು ಮುಗಿಸಿದೆ. ಇನ್ನ ಅಷ್ಟೂ ವರ್ಷ ಬದುಕಬೇಕಾತಲ್ಲ!" ಎಂದು ಅವಳು ನನ್ನನ್ನೇ ಸಮಾಧಾನಪಡಿಸಿದಳು. ಮೊದಲ ದಡ್ಡತನದ ಕಥೆ ಇಷ್ಟು.

ಎರಡನೆಯದು ಶಾಲೆಯಲ್ಲಿ ನಡೆಯಿತು. ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ನಾನು ಮಜ್ಜಿಗೆಯನ್ನು ಚೆಲ್ಲಿಯೇ ಬಿಟ್ಟೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಂದಿನಿಂದ ಸಮಯ ಸಿಕ್ಕಾಗಲೆಲ್ಲ ತರಗತಿಯಲ್ಲಿ ಈ ಪೊಟ್ಟಣಗಳ ಮೇಲೆ ಹರಿಹಾಯತೊಡಗಿದೆ. ನಾನು ಕಲಿಸುವುದು ಕನ್ನಡ. ವ್ಯಾಕರಣದ ನಡುವೆ ಇದು ಹೇಗೆ ನುಸುಳುತ್ತಿತ್ತೋ ದೇವರೇ ಬಲ್ಲ. ಬಿಸಿಲು ಸುರಿಯುವ ನಾಡಿನಲ್ಲಿ ಬಿಸಿಲನ್ನು ಮಾರುವುದೆಂದರೆ ಹೊಳೆಯ ದಂಡೆಯಲ್ಲಿ ನೀರು ಮಾರಿದಂತೆ. ಇದೆಲ್ಲ ಅಂಗಡಿಯವರ ಹೂಟ. ನಮ್ಮ ಹಿರಿಯರು ಯಾವ ಪುಡಿ ತಿಂದಿದ್ದರು? ಇಂಥ ಮಾತುಗಳಿಗೆ ಮಕ್ಕಳು ಬಲು ಬೇಗ ತಲೆದೂಗುತ್ತಾರೆ. ನನಗೂ ಮಾತಿನ ಅಮಲು ಏರಿತ್ತು.

ಡಿಸೆಂಬರಿನ ಮೊದಲ ವಾರ. ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು. ಯಾದಗಿರಿಯ ಕಡೆಯವಳು. ಅವಳ ತಂದೆತಾಯಿಗಳು ನಮ್ಮಲ್ಲಿ ಎಷ್ಟೋ ಮಕ್ಕಳ ತಂದೆತಾಯಿಗಳಂತೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು. ಕಟ್ಟುತ್ತಿರುವ ಒಂದು ದೊಡ್ಡ ಇಮಾರತಿನ ನೆಲಮಾಳಿಗೆಯ ಕೋಣೆಯಲ್ಲಿ ಅವರ ವಾಸ.

"ಸರ್ರೀ, ಬಿಸಲ ಇದ್ದ ದೇಶದಾಗ ಯಾರಿಗೂ ಪುಡಿ ಬ್ಯಾಡ ಅಂದ್ರಿ. ನಮ್ಮ ತಮ್ಮಗ ಎರಡೂವರಿ ವರ್ಷಾತ್ರಿ. ಇನ್ನಾ ನೆಟ್ಟಗ ನಡ್ಯಂಗಿಲ್ಲರಿ. ಕಾಲು ಬಿಲ್ಲಿನಂಗ ಬಾಗ್ಯಾವರಿ. ನಮ್ಮವ್ವ ಅಂತಾಳ, ಮಾಸ್ತರ ಮನ್ಯಾಗ ಉಳದಿದ್ದ ಪುಡಿ ಇದ್ರ ಇಸ್ಕೊಂಡು ಬಾ ಅಂತ. ಕೊಡ್ತೀರೇನ್ರಿ?"

ಮಗುವನ್ನು ಹೊರಗೆ ಆಡಲು ಬಿಡುವುದಿಲ್ಲವೇ ಎಂದು ಕೇಳಿದೆ. ಅವಳು ನನ್ನನ್ನು ಏನೂ ಅರಿಯದವನಂತೆ ನೋಡಿದಳು. ಹೊರಗೆ ಲಾರಿಗಳು ಹಿಂದುಮುಂದಾಗುತ್ತಿರುತ್ತವೆ; ಮೇಲಿನಿಂದ ಇಟ್ಟಿಗೆ ಬೀಳುತ್ತದೆ; ಕಬ್ಬಿಣದ ಸರಳುಗಳು ಬಿದ್ದಿರುತ್ತವೆ; ನೀರಿನ ಹೊಂಡವಿದೆ. ತಾಯಿ ಕೆಲಸಕ್ಕೆ ಹೋಗುವಾಗ ಮಗುವನ್ನು ಕೋಣೆಯಲ್ಲಿರಿಸಿ ಹೊರಗಿನಿಂದ ಚಿಲಕ ಹಾಕುತ್ತಾಳೆ. ಮಧ್ಯಾಹ್ನ ಹುಡುಗಿ ಶಾಲೆಯಿಂದ ಹೋಗಿ ತೆಗೆಯುತ್ತಾಳೆ. ಹುಟ್ಟಿದಂದಿನಿಂದ ಹೀಗೆಯೇ. ಆ ತಾಯಿಯನ್ನು ಯಾರು ದೂರಬಲ್ಲರು? ದಿನವಿಡೀ ಬಿಸಿಲಲ್ಲಿ ಬುಟ್ಟಿ ಹೊರುವವಳ ಮಗುವಿಗೆ ಬಿಸಿಲಿಲ್ಲ. ಹೊಳೆಯ ದಂಡೆಯಲ್ಲಿ ನೀರು ಮಾರುವ ನನ್ನ ಉಪಮೆ ಅಂದೇ ಸತ್ತಿತು.

ಆ ರಾತ್ರಿ ಮೇಜಿನ ಖಾನೆ ತೆರೆದು ಮೂರು ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಕುಳಿತೆ. ಕೊಟ್ಟರೆ ಏನಾದೀತು? ಕೊಡದಿದ್ದರೆ ಏನಾದೀತು? ಇದುವರೆಗೆ ಓದದೆ ಮಾತಾಡಿದ್ದೆ, ಅಂದಿನಿಂದ ಓದತೊಡಗಿದೆ.

ಮಕ್ಕಳ ಎಲುಬು ಮೆತ್ತಗಾಗಿ ಬಾಗುವ ಈ ರೋಗಕ್ಕೆ ವೈದ್ಯರು 'ರಿಕೆಟ್ಸ್' ಎನ್ನುತ್ತಾರೆ. ಇದು ಮಂಜು, ಹೊಗೆ ತುಂಬಿದ ವಿಲಾಯತಿಯ ಪಟ್ಟಣಗಳ ರೋಗವೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಜಪಾನಿನಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದ ಥಿಯೊಬಾಲ್ಡ್ ಪಾಮ್ ಎಂಬ ವೈದ್ಯರು, ಅಲ್ಲಿ ಕಾಣದ ಈ ರೋಗ ತಮ್ಮ ನಾಡಿನಲ್ಲೇಕೆ ಇಷ್ಟೆಂದು ಬೆರಗಾಗಿ, ಬೇರೆ ಬೇರೆ ದೇಶಗಳಲ್ಲಿದ್ದ ವೈದ್ಯರಿಗೆ ಪತ್ರ ಬರೆದು ಕೇಳಿದರು. ಬಿಸಿಲಿನ ಕೊರತೆಯೇ ಕಾರಣವೆಂದು ೧೮೯೦ರಲ್ಲಿ ಬರೆದರು. ಕೇಳಿದವರು ಕಡಿಮೆ. ೧೯೧೯ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯರು ರೋಗಿಗಳಾದ ಮಕ್ಕಳನ್ನು ಅತಿನೇರಳೆ ಕಿರಣದ ದೀಪದೆದುರಿಗೆ ಮಲಗಿಸಿ ಗುಣಪಡಿಸಿದರು. ಅದರಲ್ಲಿಯೂ ಒಂದು ಸೋಜಿಗವಿದೆ. ಒಂದು ಕೈಗೆ ಮಾತ್ರ ಕಿರಣ ತಾಗಿಸಿದರೂ ಎರಡು ಕೈಗಳ ಎಲುಬೂ ಗಟ್ಟಿಯಾದವು. ಎಂದರೆ ಚರ್ಮದಲ್ಲಿ ಏನೋ ಒಂದು ಹುಟ್ಟಿ ರಕ್ತದೊಡನೆ ಮೈಯೆಲ್ಲ ಸಂಚರಿಸುತ್ತದೆ.

ಆದರೆ ನನ್ನನ್ನು ನಾಚಿಸಿದ್ದು ಬರ್ಲಿನ್ ಅಲ್ಲ, ನಮ್ಮ ಪಕ್ಕದ ನಾಶಿಕ. ಅಲ್ಲಿ ಹಚಿಸನ್ ಮತ್ತು ಶಹಾ ಎಂಬ ವೈದ್ಯರು ಇದೇ ರೋಗವನ್ನು ಅಭ್ಯಸಿಸಿ ೧೯೨೨ರಲ್ಲಿ ಪ್ರಕಟಿಸಿದರು. ಹೊಲದಲ್ಲಿ ದುಡಿದು ಒರಟು ಕಾಳು ತಿನ್ನುವ ಬಡವರ ಮಕ್ಕಳಲ್ಲಿ ರೋಗ ಅಪರೂಪ. ಹಾಲುತುಪ್ಪಗಳಿಗೆ ಕೊರತೆಯಿಲ್ಲದ, ಆದರೆ ಹೆಂಗಸರು ಪರದೆಯೊಳಗೇ ಇರುವ ಮನೆತನಗಳಲ್ಲಿ ತಾಯಂದಿರಿಗೂ ಕೂಸುಗಳಿಗೂ ಎಲುಬಿನ ರೋಗ. ಬಿಸಿಲು ಹೊರಗೆ ಧಾರಾಳವಾಗಿಯೇ ಇತ್ತು. ನೂರು ವರ್ಷಗಳಲ್ಲಿ ಸ್ಥಾನ ಮಾತ್ರ ಅದಲುಬದಲಾಗಿದೆ: ಅಂದು ಪರದೆಯೊಳಗಿದ್ದುದು ಸಿರಿವಂತರ ಕೂಸು, ಇಂದು ಚಿಲಕದೊಳಗಿರುವುದು ಕೂಲಿಯವರ ಕೂಸು. ಪುಣೆಯ ಜಹಾಂಗೀರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಡಾ. ಅನುರಾಧಾ ಖಾಡಿಲಕರ ಮತ್ತು ಅವರ ಸಂಗಡಿಗರು ನಮ್ಮ ಊರಿನ ಎಳೆಯ ಮಕ್ಕಳನ್ನೇ ಪರೀಕ್ಷಿಸಿ ೨೦೧೦ರಲ್ಲಿ ಬರೆದದ್ದೂ ಇದನ್ನೇ. ದಿನಾಲು ಹೊರಗೆ ಬಿಸಿಲಲ್ಲಿ ಆಡುವ ಮಕ್ಕಳ ರಕ್ತದಲ್ಲಿ ಡಿ ಜೀವಸತ್ವ ಬೇಕಾದಷ್ಟಿತ್ತು. ಮನೆಯೊಳಗೇ ಉಳಿದ ಮಕ್ಕಳಲ್ಲಿ ಅದು ತೀರ ಕಡಿಮೆಯಿತ್ತು, ರಿಕೆಟ್ಸಿನ ಗುರುತುಗಳೂ ಕಂಡವು. ಊರು ಒಂದೇ, ಸೂರ್ಯನೂ ಒಬ್ಬನೇ.

ಪೊಟ್ಟಣಗಳನ್ನು ಖಾನೆಯಲ್ಲಿಯೇ ಬಿಟ್ಟು, ಮರುದಿನ ಆ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಸರಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿಗೆ ಹೋದೆ. ಅವರು ಮಗುವಿನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅಲ್ಲಿ ಎಲುಬು ಬಳೆಯಂತೆ ಉಬ್ಬಿತ್ತು. ಕ್ಷ-ಕಿರಣದ ಚಿತ್ರ ತೆಗೆಸಿದ ಮೇಲೆ ಸಂಶಯ ಉಳಿಯಲಿಲ್ಲ. ಅವರು ದಿನಕ್ಕಿಷ್ಟು ಹನಿ ಎಂದು ಅಳೆದು ಕೊಡುವ ಔಷಧವನ್ನೂ, ಜೊತೆಗೆ ಕ್ಯಾಲ್ಸಿಯಮ್ಮನ್ನೂ ಬರೆದುಕೊಟ್ಟರು. ಗೋಡೆ ಕಟ್ಟುವವನು ಇದ್ದು ಇಟ್ಟಿಗೆಯೇ ಇಲ್ಲದಿದ್ದರೆ ಏನು ಪ್ರಯೋಜನವೆಂದು ಅವರು ಆ ತಾಯಿಗೆ ತಿಳಿಯುವಂತೆ ಹೇಳಿದರು. ನಮ್ಮ ಉತ್ತರದವರ ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಸ್ವಲ್ಪವೇ. ರಾಗಿಯಲ್ಲಿಯಾದರೆ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗಿಂತ ಹೆಚ್ಚು. ಈ ಒಂದು ವಿಷಯದಲ್ಲಿ ಮೈಸೂರ ಕಡೆಯವರು ನಮಗಿಂತ ಜಾಣರೆಂದು ಒಪ್ಪಲೇಬೇಕಾಯಿತು.

ಹೊರಡುವಾಗ ನಾನು ಅವರನ್ನು ಕೇಳಿದೆ: "ಹಾಗಾದರೆ ಎಲ್ಲರೂ ಇದನ್ನು ತೆಗೆದುಕೊಳ್ಳುವುದು ಒಳ್ಳೆಯದೇ?"

ಅವರು ನಕ್ಕರು. ಅಮೇರಿಕೆಯಲ್ಲಿ ೨೫,೮೭೧ ಜನ ನಡುವಯಸ್ಸಿನವರನ್ನೂ ವೃದ್ಧರನ್ನೂ ಸೇರಿಸಿ ಅರ್ಧ ಜನರಿಗೆ ದಿನಕ್ಕೆ ೨,೦೦೦ ಯೂನಿಟ್, ಉಳಿದರ್ಧಕ್ಕೆ ಬರಿಯ ತೋರಿಕೆಯ ಗುಳಿಗೆ ಕೊಟ್ಟು ಐದು ವರ್ಷ ನೋಡಿದರಂತೆ. ಅರ್ಬುದ ರೋಗವಾಗಲಿ ಹೃದ್ರೋಗವಾಗಲಿ ಕಡಿಮೆಯಾಗಲಿಲ್ಲವೆಂದು ೨೦೧೮ರಲ್ಲಿ ತಿಳಿಯಿತು. ಎಲುಬು ಮುರಿಯುವುದೂ ತಪ್ಪಲಿಲ್ಲವೆಂದು ೨೦೨೨ರಲ್ಲಿ. "ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ. ತುಂಬಿದ ಕೊಡಕ್ಕೆ ನೀರು ಹಾಕಿದರೆ ಏನಾಗುತ್ತದೆ? ಈ ಮಗುವಿನ ಕೊಡ ಬರಿದಾಗಿದೆ" ಎಂದರು. ೨೦೨೪ರಲ್ಲಿ ಅಲ್ಲಿಯ ಗ್ರಂಥಿವೈದ್ಯರ ಸಂಘವೂ ಎಪ್ಪತ್ತೈದರ ಒಳಗಿನ ಆರೋಗ್ಯವಂತ ಪ್ರಾಯಸ್ಥರು ದಿನದ ಪಾಲಿಗಿಂತ ಹೆಚ್ಚು ತೆಗೆದುಕೊಳ್ಳುವುದು ಬೇಡ, ಸುಮ್ಮನೆ ರಕ್ತ ಪರೀಕ್ಷೆಯೂ ಬೇಡವೆಂದಿದೆ. ಆದರೆ ಬೆಳೆಯುವ ಮಕ್ಕಳು, ಗರ್ಭಿಣಿಯರು, ಎಪ್ಪತ್ತೈದು ದಾಟಿದವರು ಇವರನ್ನು ಬೇರೆಯಾಗಿ ಎಣಿಸಿ, ಅವರು ತೆಗೆದುಕೊಳ್ಳುವುದು ಒಳಿತೆಂದು ಅದೇ ಸಂಘ ಸೂಚಿಸಿದೆ. ಹುಟ್ಟಿದ ಕೂಸಿಗೆ ಮೊದಲ ವರ್ಷವಿಡೀ ದಿನಕ್ಕೆ ೪೦೦ ಯೂನಿಟ್ಟಿನ ಹನಿ ಹಾಕಬೇಕೆಂದು ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಏಕೆಂದರೆ ತಾಯಿಯ ಹಾಲಿನಲ್ಲಿ ಉಳಿದೆಲ್ಲ ಇದ್ದರೂ ಇದೊಂದು ಅತ್ಯಲ್ಪ. ಆ ಹನಿಗಳ ಹೆಸರನ್ನು ನೆಲಮಾಳಿಗೆಯ ತಾಯಿ ಅಂದೇ ಮೊದಲ ಸಲ ಕೇಳಿದ್ದು.

ಓದುತ್ತ ಹೋದಂತೆ ನನ್ನ ಸಿಟ್ಟು ಇಳಿಯಿತು; ಪೊಟ್ಟಣದ ಮೇಲೆ ಒಂದು ಬಗೆಯ ಅಕ್ಕರೆಯೂ ಹುಟ್ಟಿತು. ಅದರೊಳಗಿನ ವಸ್ತುವನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರಂತೆ. ಆ ಜಿಡ್ಡಿನ ಸಾರಕ್ಕೆ ಅತಿನೇರಳೆ ಕಿರಣ ತಾಗಿಸಿದರೆ ಅದು ಡಿ ಜೀವಸತ್ವವಾಗುತ್ತದೆ; ನಮ್ಮ ಚರ್ಮದಲ್ಲಿ ನಡೆಯುವುದೂ ಇದೇ ಕೆಲಸ. ಕಂಬಳಿ ಹೊದ್ದು ಕುರಿ ಕಾಯುವ ನಮ್ಮ ಹಾಲುಮತದ ಅಜ್ಜಂದಿರು ಇದನ್ನು ಕೇಳಿದ್ದರೆ ಮೀಸೆಯಲ್ಲೇ ನಗುತ್ತಿದ್ದರು. ಆದರೆ ಚರ್ಮಕ್ಕೂ ಪೊಟ್ಟಣಕ್ಕೂ ಒಂದು ಅಂತರವುಂಟು. ಚರ್ಮದಲ್ಲಿ ಸಾಕಷ್ಟು ಉತ್ಪನ್ನವಾದೊಡನೆ, ಹೆಚ್ಚಿನದನ್ನು ಅದೇ ಬಿಸಿಲು ಮುರಿದು ನಿರುಪಯೋಗಿಯನ್ನಾಗಿ ಮಾಡುತ್ತದೆ. ಹೀಗಾಗಿ ಹಗಲೆಲ್ಲ ಮಾಳಿಗೆಯ ಮೇಲೆ ಕುಳಿತರೂ ಅವ್ವನಿಗೆ ವಿಷವೇರಿರಲಿಲ್ಲ. ಪೊಟ್ಟಣಕ್ಕೆ ಆ ಲಗಾಮು ಇಲ್ಲ. ಲಗಾಮು ಹಿಡಿಯಬೇಕಾದವರು ಕೊಡುವವರೇ.

ಇನ್ನು ಬಿಸಿಲಿನ ಮಾತು. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವುದು ನಮ್ಮಲ್ಲಿಯ ರೂಢಿ. ಹಿತವಾದ ರೂಢಿಯೂ ಹೌದು. ಆದರೆ ಬೆಳಗಿನ ಓರೆಬಿಸಿಲು ವಾಯುಮಂಡಲದಲ್ಲಿ ಬಹುದೂರ ಹಾದುಬರುವುದರಿಂದ ಬೇಕಾದ ಕಿರಣಗಳು ದಾರಿಯಲ್ಲಿಯೇ ಸೋಸಿಹೋಗುತ್ತವೆ. ನಮ್ಮ ಏಳೂವರೆಯ ಪ್ರಾರ್ಥನೆಯ ಹೊತ್ತಿನ ಬಿಸಿಲಿಗೆ ಚಳಿ ಬಿಡಿಸುವಷ್ಟೇ ಶಕ್ತಿ. ನೆರಳು ನಿಮಗಿಂತ ಗಿಡ್ಡವಾಗಿದ್ದಾಗ ಬೀಳುವ ಬಿಸಿಲೇ ಎಲುಬಿನ ಬಿಸಿಲು ಎಂಬುದೊಂದು ಸುಲಭವಾದ ಗುರುತು. ಇದನ್ನು ವೈದ್ಯರ ಬಾಯಿಂದ ಕೇಳಿ ಬಂದ ಮೇಲೆ ಡಿಸೆಂಬರ್ ೨೧ರ ಸುಮಾರಿಗೆ ಎಂಟನೆಯ ಇಯತ್ತೆಯವರನ್ನೆಲ್ಲ ಮೈದಾನಕ್ಕೆ ಕರೆದೊಯ್ದೆ. ಪುಣೆಯಲ್ಲಿ ಗಡಿಯಾರದ ಹನ್ನೆರಡು ಸೂರ್ಯನ ಹನ್ನೆರಡಲ್ಲ. ಅವನು ನೆತ್ತಿಗೆ ಬರುವುದು ಹನ್ನೆರಡೂವರೆಯ ಮೇಲೆ. ಹದಿಮೂರು ಹುಡುಗರು, ಹನ್ನೊಂದು ಹುಡುಗಿಯರು, ಒಂದು ಅಳತೆಯ ಪಟ್ಟಿ. ೧೫೦ ಸೆಂಟಿಮೀಟರ್ ಎತ್ತರದ ಹುಡುಗನ ನೆರಳು ೧೩೫ ಬಂದಿತು. ವರ್ಷದಲ್ಲಿಯೇ ಅತ್ಯಂತ ಓರೆಯಾದ ಸೂರ್ಯ ಅಂದಿನದು. ಆದರೂ ನೆರಳು ಗಿಡ್ಡವೇ. ಅಂದರೆ ಮೋಡವಿಲ್ಲದ ಯಾವ ದಿನವೂ ಪುಣೆಯ ನಡುಹಗಲು ಬರಿಗೈಯಲ್ಲಿ ಹೋಗುವುದಿಲ್ಲ. ಲಂಡನ್ನಿನಲ್ಲಿ ಅದೇ ದಿನ ಅದೇ ಹುಡುಗ ನಿಂತಿದ್ದರೆ ನ‌ಡುಹಗಲ ನೆರಳು ಐದು ಮೀಟರ್ ದಾಟುತ್ತಿತ್ತು. ಚಳಿಗಾಲದಲ್ಲಿ ಈ ಗಿಡ್ಡ ನೆರಳು ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಮಾತ್ರ. ಏಪ್ರಿಲಿನಲ್ಲಿ ಒಂಬತ್ತೂವರೆಗೇ ಶುರುವಾಗಿ ಮೂರೂವರೆಯವರೆಗೂ ಇರುತ್ತದೆ. ಮೈಬಣ್ಣ ಕಪ್ಪಿದ್ದಷ್ಟೂ ಹೆಚ್ಚು ಹೊತ್ತು ಬೇಕು. ಕೈಕಾಲು ಮುಖಗಳಿಗೆ ದಿನಕ್ಕೆ ಅರ್ಧ ಗಂಟೆ ತಾಗಿದರೆ ಸಾಕು, ಮೈ ಸುಡುವತನಕ ನಿಲ್ಲಬೇಕಾಗಿಲ್ಲ ಎಂದು ವೈದ್ಯರು ಹೇಳಿದ್ದರು.

"ಹಂಗಾದ್ರ ನಾವೂ ತಗೋಬೇಕೋ ಬ್ಯಾಡೋ, ಸರ್ರೀ?" ಎಂದು ಪಟ್ಟಿ ಸುತ್ತುತ್ತಿದ್ದ ಹುಡುಗ ಕೇಳಿದ. ಮಧ್ಯಾಹ್ನದ ರಜೆಯಲ್ಲಿ ಅವನನ್ನು ಮೈದಾನದಿಂದ ಒಳಗೆ ಕರೆಯುವುದೇ ನಮಗೊಂದು ಕೆಲಸ. ಬೇಡವೆಂದೆ. ಪರೀಕ್ಷೆಯ ಅಭ್ಯಾಸವೆಂದು ಕೋಣೆ ಬಿಟ್ಟು ಹೊರಗೆ ಬಾರದ ಇನ್ನೊಬ್ಬನಿಗೆ, ಮನೆಯಲ್ಲಿ ತರುವ ಹಾಲಿನ ಚೀಲದ ಮೇಲೆ ನೀಲಿಯ '+ಎಫ್' ಗುರುತು ಇದೆಯೇ ನೋಡು, ಅದಿದ್ದರೆ ಅದರಲ್ಲಿ ಎ, ಡಿ ಜೀವಸತ್ವಗಳನ್ನು ಬೆರಸಿರುತ್ತಾರೆ, ಕಾಲು ನೋಯುತ್ತಿದ್ದರೆ ತಂದೆಯವರೊಡನೆ ವೈದ್ಯರಲ್ಲಿಗೆ ಹೋಗು ಎಂದೆ. ಸ್ಕೂಟರಿನ ಮೇಲೆ ಕಣ್ಣೆರಡೇ ಕಾಣುವಂತೆ ಸ್ಕಾರ್ಫ್ ಸುತ್ತಿಕೊಂಡು ಹೋಗುವ ಅಕ್ಕಂದಿರಿಗೂ ಇದನ್ನು ತಿಳಿಸುವಂತೆ ಹುಡುಗಿಯರಿಗೆ ಹೇಳಿದೆ. ಅರವತ್ತು ಸಾವಿರದ ಪೊಟ್ಟಣವನ್ನು ವೈದ್ಯರ ಮಾತಿಲ್ಲದೆ ಮುಟ್ಟಬೇಡಿರೆಂದು ಎಲ್ಲರಿಗೂ ಹೇಳಿದೆ. ವಾರವೆಂದರೆ ಏಳು ದಿನವೆಂದೂ ಹೇಳಿದೆ. ಅವರು ನಕ್ಕರು.

ಶನಿವಾರ ಶಾಲೆ ಬಿಡುವ ಹೊತ್ತಿಗೆ ಆ ಹುಡುಗಿ ತನ್ನ ತಮ್ಮನನ್ನು ಟೊಂಕದ ಮೇಲೆ ಎತ್ತಿಕೊಂಡು ಬಂದಳು. ಈಗ ದಿನಾಲು ಮಧ್ಯಾಹ್ನ ಅವನನ್ನು ಇಮಾರತಿನ ಆಚೆಯ ಗುಡಿಯ ಕಟ್ಟೆಗೆ ಕರೆದೊಯ್ದು ಆಡಿಸುತ್ತಾಳಂತೆ. ತಾಯಿ ಹನಿಗಳ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದು ಇಟ್ಟಿದ್ದಾಳಂತೆ. ಮೈದಾನದ ನಡುವೆ ಅವನನ್ನು ಇಳಿಸಿದಳು. ಅವನು ಎರಡೂ ಕೈಗಳಿಂದ ಅಕ್ಕನ ಲಂಗ ಹಿಡಿದುಕೊಂಡು, ತನ್ನ ಕಾಲ ಬುಡದಲ್ಲಿದ್ದ ನೆರಳನ್ನು ಬಹಳ ಹೊತ್ತು ನೋಡಿದ. ಅದನ್ನು ತುಳಿಯಬೇಕೆಂದು ಒಂದು ಕಾಲು ಎತ್ತಿದ. ಹುಡುಗರು ಅಳತೆಯ ಪಟ್ಟಿ ತರಲು ಓಡಿದರು.